ಮಗುವಿನ ಕೈಗೆಟಕುವ ಚಿಲಕ

ಬೀಗದಣ್ಣನ ಅಂಗಡಿಗೆ ಯಾರೇ ಬರಲಿ, ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಹೊರಗಿನವರಿಗೋ, ಒಳಗಿನವರಿಗೋ?" ಯಾರನ್ನು ತಡೆಯಬೇಕು ಅನ್ನುವುದು ಗೊತ್ತಾಗದೆ ಬೀಗ ಕೊಡಬಾರದು ಎಂದು ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳಿಕೊಟ್ಟಿದ್ದ. ಹೊರಗಿನವರಿಗಾದರೆ ಬೀಗ ಗಟ್ಟಿ ಇರಬೇಕು, ಬಾಗಿಲ ಚೌಕಟ್ಟು ನೋಡಬೇಕು, ಸ್ಕ್ರೂ ಉದ್ದ ಇರಬೇಕು. ಒಳಗಿನವರಿಗಾದರೆ, ಅಂದರೆ ಮಕ್ಕಳು ಬಿಸ್ಕತ್ತಿನ ಡಬ್ಬಿಗೆ ಕೈ ಹಾಕದಿರಲಿ, ನಾದಿನಿ ಬೀರು ತಡಕಾಡದಿರಲಿ ಅನ್ನುವುದಕ್ಕಾದರೆ, ಒಂದು ಸಣ್ಣ ಚಿಲಕ ಧಾರಾಳವಾಯಿತು. "ಒಳಗಿನವರಿಗೇ ಗಟ್ಟಿ ಬೀಗ ಬೇಕು ಅಂದ್ರೆ ನನ್ನ ಹತ್ರ ಬರ್ಬೇಡಿ ಸ್ವಾಮಿ, ಪೊಲೀಸರ ಹತ್ರ ಹೋಗಿ" ಎಂದು ಜೋಕು ಹೊಡೆಯುತ್ತಿದ್ದ. ಜೋಕು ಹಳೆಯದಾಗಿತ್ತು, ಆದರೂ ಗಿರಾಕಿಗಳು ನಗುತ್ತಿದ್ದರು.

ಇಂಥವನು ತನ್ನ ಸ್ವಂತ ಮಗಳ ಕೋಣೆಯ ಬಾಗಿಲಿಗೆ, ಒಳಗಡೆಯಿಂದ, ಅಂಗಡಿಯಲ್ಲಿ ಇದ್ದುದರಲ್ಲೆಲ್ಲ ಗಟ್ಟಿಯಾದ ಉಕ್ಕಿನ ಚಿಲಕ ಹಾಕಿದ. ಆಗ ಮಾತ್ರ ಆ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ದೀಪದ ಕೆಳಗೆ ಕತ್ತಲೆ ಅಂದುಬಿಟ್ಟರೆ ಅವನನ್ನು ಸುಲಭಕ್ಕೆ ಬಿಟ್ಟ ಹಾಗಾಗುತ್ತದೆ. ಅವನಿಗೆ ಉತ್ತರ ಗೊತ್ತಿತ್ತು, ಅದಕ್ಕೇ ಕೇಳಿಕೊಳ್ಳಲಿಲ್ಲ.

ಮನೆ ಮೂರನೇ ಮಹಡಿಯಲ್ಲಿತ್ತು. ಮನೆ ಅವನ ತಾಯಿಯದು. ತಾಯಿ, ಬೀಗದಣ್ಣ ಮತ್ತು ಅವನ ತಮ್ಮ, ಹೀಗೆ ಮೂವರ ವಾಸ. ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆಯ ತನಕ ಮಾತ್ರ ನಾಲ್ಕನೆಯವಳು ಬರುತ್ತಿದ್ದಳು: ಅವನ ಮಗಳು, ಎರಡನೇ ಕ್ಲಾಸಿನ ಹುಡುಗಿ. ನಿಂತಲ್ಲಿ ನಿಲ್ಲದೆ ಮನೆಯೆಲ್ಲ ಉರುಳಾಡುತ್ತಿದ್ದಳು ಎಂದು ಅವಳು ಕೂಸಾಗಿದ್ದಾಗಲೇ ಅವನು ಗೋಲಿ ಎಂದು ಕರೆಯಲು ಶುರುಮಾಡಿದ್ದ. ಗಂಡಹೆಂಡತಿ ಬೇರೆಯಾದಾಗ ಮಗು ತಾಯಿಯ ಹತ್ತಿರ ಇರಲಿ, ವಾರದ ಕೊನೆಗೆ ತಂದೆಯ ಮನೆಗೆ ಹೋಗಲಿ ಎಂದು ಕೋರ್ಟು ಹೇಳಿತ್ತು.

ಬೇರೆಯಾದದ್ದು ಯಾಕೆ ಎಂದರೆ ತಮ್ಮನ ಕಥೆಗೆ ಬರಬೇಕು. ಅವನು ಕ್ರೇನ್ ಓಡಿಸುತ್ತಿದ್ದ. ಕುಡಿದು ಓಡಿಸಿದ್ದಕ್ಕೆ ಕೆಲಸ ಹೋಯಿತು, ಕುಡಿತ ಮಾತ್ರ ಉಳಿಯಿತು. ಕುಡಿಯದೆ ಇದ್ದಾಗ ಅವನಂಥ ಒಳ್ಳೆಯವನು ಇನ್ನೊಬ್ಬನಿಲ್ಲ ಎಂದು ತಾಯಿ ಹೇಳುತ್ತಿದ್ದಳು, ಅಣ್ಣ ಹೇಳುತ್ತಿದ್ದ, ಕೆಳಗಿನ ಮನೆಯವರೂ ಹೇಳುತ್ತಿದ್ದರು. ಹೌದಪ್ಪಾ, ಮಲಗಿದಾಗ ಹುಲಿಯೂ ಬೆಕ್ಕಿನಷ್ಟೇ ಸಾಧು. ಕುಡಿದು ಬಂದಾಗ ಅವನಿಗೆ ಮುಂಬಾಗಿಲ ಕೀ ಸಿಗುತ್ತಿರಲಿಲ್ಲ. ಬಾಗಿಲು ಬಡಿಯುತ್ತಿದ್ದ, ಒದೆಯುತ್ತಿದ್ದ, ಮೆಟ್ಟಿಲ ಮೇಲೆ ನಿಂತು ಎಲ್ಲರ ಜನ್ಮ ಜಾಲಾಡುತ್ತಿದ್ದ. "ತೆಗಿಯೋ, ಬೀದಿಯವರೆಲ್ಲ ಕೇಳಿಸ್ಕೊಳ್ತಾರೆ. ಒಡಹುಟ್ಟಿದವನಲ್ವೇನೋ" ಎನ್ನುತ್ತಿದ್ದಳು ತಾಯಿ. ಬೀಗದಣ್ಣ ಎದ್ದು ಹೋಗಿ ತೆಗೆಯುತ್ತಿದ್ದ. ಆಮೇಲೆ ತಟ್ಟೆ ಒಡೆಯುವುದು, ಕುರ್ಚಿ ಎಸೆಯುವುದು, ಅತ್ತಿಗೆಯ ಮುಖಕ್ಕೆ ಬೆರಳು ತೋರಿಸಿ ಬಯ್ಯುವುದು, ಎಲ್ಲ ಮನೆಯ ಒಳಗೆ, ಮರ್ಯಾದೆಯಾಗಿ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಕುಡಿದವರನ್ನು ಕಂಡು ಅವಳೇನೂ ಹೆದರುವವಳಲ್ಲ. ಮನೆ ಬಿಡುವ ದಿನ ಪೆಟ್ಟಿಗೆಯ ಮೇಲೆ ಮೊಣಕಾಲೂರಿ ಜಿಪ್ ಎಳೆಯುತ್ತಾ ಹೇಳಿದ್ದಳು: "ನಿಮ್ಮ ತಮ್ಮನ ಮೇಲೆ ನಂಗೆ ಸಿಟ್ಟಿಲ್ಲ, ಅವನದ್ದು ಕಾಯಿಲೆ. ನೀವು ಎದ್ದು ಹೋಗಿ ಬಾಗಿಲು ತೆಗೀತೀರಲ್ಲಾ, ಅದಕ್ಕೆ ನನ್ನ ಸಿಟ್ಟು." ಬೀಗದಣ್ಣನಿಗೆ ಅದು ಅನ್ಯಾಯದ ಮಾತು ಎನಿಸಿತು. ತಮ್ಮನನ್ನು ಮೆಟ್ಟಿಲ ಮೇಲೆ ಮಲಗಿಸಲು ಆಗುತ್ತದೆಯೇ?

ಆಮೇಲೆ ಒಂದು ಶನಿವಾರ ಮಧ್ಯಾಹ್ನ ಯಾರೋ ಕೀ ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡರು ಎಂದು ಫೋನ್ ಬಂತು. ಬೀಗದಣ್ಣ ಗೋಲಿಯನ್ನು ಅಜ್ಜಿಯ ಹತ್ತಿರ ಬಿಟ್ಟು ಹೋದ. ವಾಪಸು ಬಂದಾಗ ತಾಯಿ ಬಚ್ಚಲಲ್ಲಿ ಮಗುವಿನ ಫ್ರಾಕು ಒಗೆಯುತ್ತಿದ್ದಳು. "ನೀರು ಚೆಲ್ಕೊಂಡ್ಲು" ಎಂದಳು, ತಲೆ ಎತ್ತಲಿಲ್ಲ. ಗೋಲಿ ಅಪ್ಪನ ಸ್ಕ್ರೂ ಡಬ್ಬಿ ನೆಲದ ಮೇಲೆ ಸುರುವಿಕೊಂಡು ದೊಡ್ಡದು ಸಣ್ಣದು ಬೇರೆ ಮಾಡುತ್ತಾ ಕೂತಿದ್ದಳು. ಅದು ಅವಳಿಗೆ ಇಷ್ಟದ ಆಟ. ಅವನು ಪಕ್ಕದಲ್ಲಿ ಕೂತ. ಎಷ್ಟೋ ಹೊತ್ತಾದ ಮೇಲೆ ಅವಳು ಸ್ಕ್ರೂಗಳಿಗೆ ಹೇಳುವ ಹಾಗೆ ಹೇಳಿದಳು:

"ಚಿಕ್ಕಪ್ಪ ನನ್ನ ಬಾಲ್ಕನಿ ಕಂಬಿಯಿಂದ ಆಚೆ ಹಿಡ್ಕೊಂಡಿದ್ರು. ವಿಮಾನ ಅಂದ್ರು. ಆಮೇಲೆ ಒಂದು ಕೈ ಬಿಟ್ರು."

ಬೀಗದಣ್ಣ ಕೈಯಲ್ಲಿದ್ದ ಸ್ಕ್ರೂ ಡಬ್ಬಿಗೆ ಹಾಕಿ ಎದ್ದ.

ತಮ್ಮ ಒಳಕೋಣೆಯಲ್ಲಿ ಮಲಗಿದ್ದ. ಎಬ್ಬಿಸಿ ಕತ್ತಿನಪಟ್ಟಿ ಹಿಡಿದು ಕೇಳಿದರೆ ಅವನು ಅತ್ತ. "ತಮಾಷೆಗೆ ಅಣ್ಣಾ! ಕ್ರೇನ್ ಹಿಡಿದ ಕೈ ಇದು, ಬೀಳಿಸ್ತಿದ್ನಾ? ನನ್ನ ಮಗಳಿದ್ದ ಹಾಗಲ್ವಾ ಅವಳು?" ತಾಯಿ ನಡುವೆ ಬಂದು ನಿಂತಳು. "ಮಗು ಬಿದ್ದಿಲ್ಲವಲ್ಲ, ಯಾಕೋ ರಂಪ? ಇದನ್ನ ಅವಳಮ್ಮನ ಕಿವಿಗೆ ಹಾಕಿದ್ರೆ ನಾಳೆಯಿಂದ ಮಗಳ ಮುಖ ನೋಡಲ್ಲ ನೀನು, ಹೇಳಿದ್ದೀನಿ." ಹೆತ್ತವರಿಗೆ ಹೆಗ್ಗಣ ಮುದ್ದು, ಅದನ್ನು ತಪ್ಪು ಅನ್ನಲಾಗದು. ಆದರೆ ಕಂಬಿಯ ಆಚೆ ತೂಗಾಡಿದ ಕೂಸೂ ಅವಳ ಮೊಮ್ಮಗಳೇ, ಅದನ್ನು ಯಾರು ನೆನಪಿಸಬೇಕಿತ್ತು?

ನೆನಪಿಸಬೇಕಾದವನು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ದಾರಿ ಹುಡುಕುತ್ತಿದ್ದ. ಹುಡುಕಿದ, ಸಿಕ್ಕಿತು: ಚಿಲಕ! ಅವನಿಗೆ ಬೇರೆ ಏನು ಸಿಗಬೇಕು, ಅಡುಗೆಯವನಾಗಿದ್ದರೆ ಏನಾದರೂ ಬೇಯಿಸಿಕೊಡುತ್ತಿದ್ದ. ಮಾರನೆಯ ದಿನ ಬೆಳಿಗ್ಗೆ ಡ್ರಿಲ್ ತಂದು ಕೂತ. ಗೋಲಿಯನ್ನು ಬಾಗಿಲಿಗೆ ಬೆನ್ನು ತಾಗಿಸಿ ನಿಲ್ಲಿಸಿ, ಕೈ ಎಲ್ಲಿ ಆರಾಮಾಗಿ ಹೋಗುತ್ತದೆ ನೋಡಿ, ಪೆನ್ಸಿಲಿನಲ್ಲಿ ಗೆರೆ ಎಳೆದ. ಮುಂಬಾಗಿಲಿಗೆ ಹಾಕುವ ಉದ್ದದ ಸ್ಕ್ರೂಗಳನ್ನೇ ಹಾಕಿದ. ಅವಳ ಪುಟ್ಟ ಬೆರಳಿಗೂ ಸಲೀಸಾಗಿ ಸರಿಯಲಿ ಎಂದು ಎಣ್ಣೆ ಬಿಟ್ಟ. ಕೆಲಸ ಚೆನ್ನಾಗಿ ಬಂತು, ಅವನ ಕೈಯಲ್ಲಿ ಕೆಟ್ಟ ಕೆಲಸ ಆಗುತ್ತಲೇ ಇರಲಿಲ್ಲ.

"ಹಾಕ್ಕೋ. ನಾನು ಹೊರಗಿಂದ ತಳ್ತೀನಿ ನೋಡು" ಎಂದು ಹೊರಗೆ ಹೋಗಿ ಭುಜ ಕೊಟ್ಟು ತಳ್ಳಿದ. ಬಾಗಿಲು ಅಲ್ಲಾಡಲಿಲ್ಲ. ಒಳಗೆ ಗೋಲಿ ನಕ್ಕಳು. "ಇನ್ನೂ ಜೋರಾಗಿ!" ಎಂದಳು. ಅವನು ಇನ್ನೂ ಜೋರಾಗಿ ತಳ್ಳಿ, ಸೋತವನ ಹಾಗೆ ನೆಲಕ್ಕೆ ಬಿದ್ದು "ಅಯ್ಯಯ್ಯೋ" ಎಂದು ಕೂಗಿದ. ಅವಳು ಬಿದ್ದು ಬಿದ್ದು ನಕ್ಕಳು. ಅವನ ಎದೆಯ ಭಾರ ಇಳಿಯಿತು.

"ಚಿಕ್ಕಪ್ಪ ಕೂಗಾಡಿದ್ರೆ ಒಳಗೆ ಹೋಗಿ ಹಾಕ್ಕೊಂಡುಬಿಡು, ಆಯ್ತಾ? ಅಮ್ಮನಿಗೆ ಹೇಳ್ಬೇಡ ಗೋಲಿ. ಸುಮ್ನೆ ಹೆದರ್ಕೊಳ್ತಾಳೆ."

ಗೋಲಿ ಹೇಳಲಿಲ್ಲ. ಮಕ್ಕಳಿಗೆ ಮಾತು ಉಳಿಸಿಕೊಳ್ಳುವುದು ಬರುತ್ತದೆ. ಮುಖ ಮುಚ್ಚಿಟ್ಟುಕೊಳ್ಳುವುದು ಬರುವುದಿಲ್ಲ. ಕೆಲವು ವಾರ ಕಳೆದ ಮೇಲೆ, ಮಗುವನ್ನು ಬಿಟ್ಟುಹೋಗಲು ಬಂದ ನರ್ಸು ಅವಳನ್ನು ಅಂಗಡಿಯೊಳಗೆ ಕೂರಿಸಿ, ಇವನನ್ನು ಫುಟ್‌ಪಾತಿಗೆ ಕರೆದಳು.

"ನಮ್ಮನೇಲಿ ನನ್ನ ಜೊತೆ ಬಟ್ಟೆ ಒಣಗಿಸೋಕೂ ಬಾಲ್ಕನಿಗೆ ಬರಲ್ಲ ಅವಳು. ಯಾವ ಕೋಣೆಗೆ ಹೋದ್ರೂ ಮೊದಲು ಚಿಲಕ ಇದ್ಯಾ ಅಂತ ನೋಡ್ತಾಳೆ. ಏನಾಯ್ತು?"

ಬೀಗದಣ್ಣ ರಸ್ತೆಯ ಆಚೆಯ ಸೈಕಲ್ ಅಂಗಡಿ ನೋಡಿದ, ಕೈಯಲ್ಲಿದ್ದ ಕೀ ಉಜ್ಜುವ ಅರ ನೋಡಿದ. "ಏನಿಲ್ಲ" ಎಂದ.

"ಏನಿಲ್ಲ ಅನ್ನೋಕೆ ಇಷ್ಟು ಹೊತ್ತು ಬೇಕಾಯ್ತಾ?" ಎಂದು ಅವಳು ಒಳಗೆ ಹೋಗಿ ಮಗುವಿನ ಕೈ ಹಿಡಿದು ವಾಪಸು ಕರೆದುಕೊಂಡು ಹೋದಳು. ಹೋದವಳು ಸೀದಾ ವಕೀಲರ ಹತ್ತಿರ ಹೋದಳು. ಮೈದುನ ಇರುವ ಆ ಮನೆಗೆ ಮಗುವನ್ನು ಕಳಿಸಲಾರೆ ಎಂದು ಅರ್ಜಿ ಹಾಕಿದಳು. ಮನೆ ನೋಡಿ ಬರಲು ಕೋರ್ಟು ಒಬ್ಬ ಅಧಿಕಾರಿಯನ್ನು ನೇಮಿಸಿತು.

ಅಧಿಕಾರಿ ಬರುವ ದಿನ ತಾಯಿ ಮನೆಯನ್ನು ಕನ್ನಡಿ ಮಾಡಿಟ್ಟಳು. ಖಾಲಿ ಬಾಟಲಿಗಳು ಹೊರಗೆ ಹೋದವು, ತಮ್ಮ ಗೆಳೆಯನ ಮನೆಗೆ ಹೋದ, ಬಾಲ್ಕನಿಯ ಬಾಗಿಲಿಗೆ ಹೊಸ ಪರದೆ ಬಂತು. ಬಂದ ಆಫೀಸರಮ್ಮ ತಲೆ ನರೆತವರು, ಹೆಚ್ಚು ಮಾತಿಲ್ಲ, ಹೆಗಲಿಗೆ ಬಟ್ಟೆಯ ಚೀಲ. ಅಡುಗೆಮನೆ ನೋಡಿದರು, ಬಚ್ಚಲು ನೋಡಿದರು, ಬಾಲ್ಕನಿಯ ಕಂಬಿ ಅಲ್ಲಾಡಿಸಿ ನೋಡಿದರು. ತಮ್ಮನ ಬಗ್ಗೆ ಕೇಳಿದರು. "ಈಗ ಎಲ್ಲ ಬಿಟ್ಟಿದ್ದಾನಮ್ಮಾ, ಬಂಗಾರದಂಥ ಹುಡುಗ" ಎಂದಳು ತಾಯಿ. ಆಫೀಸರಮ್ಮ ಹೂಂಗುಟ್ಟಿದರು. ಎಲ್ಲ ಸಸೂತ್ರವಾಗಿ ಮುಗಿದೇ ಹೋಗುತ್ತಿತ್ತು.

ಆದರೆ ಗೋಲಿಯ ಕೋಣೆ ತೋರಿಸುವಾಗ ಬೀಗದಣ್ಣನೊಳಗಿನ ಕೆಲಸಗಾರ ತಲೆ ಎತ್ತಿದ. ಒಳ್ಳೆಯ ಕೆಲಸ ಮಾಡಿದವನಿಗೆ ಅದನ್ನು ತೋರಿಸದೆ ಇರಲು ಆಗುವುದಿಲ್ಲ, ಅದೊಂದು ರೋಗ.

"ಇದು ನೋಡಿ ಮೇಡಂ. ಅವಳ ಎತ್ತರಕ್ಕೇ ಅಳತೆ ತಗೊಂಡು ಹಾಕಿದ್ದೀನಿ. ಒಂದು ಬೆರಳಲ್ಲಿ ಸರಿಯತ್ತೆ. ಹೊರಗಿಂದ ಎಂಥಾ ಗಟ್ಟಿ ಆಳು ಒದ್ರೂ ಬಿಚ್ಚಲ್ಲ."

ಆಫೀಸರಮ್ಮ ಬಗ್ಗಿ ಚಿಲಕ ಸರಿಸಿದರು. ಮತ್ತೆ ತೆಗೆದರು. ಸ್ಕ್ರೂಗಳ ಮೇಲೆ ಬೆರಳಾಡಿಸಿದರು. ಬಗ್ಗಿದಲ್ಲಿಂದಲೇ ಕೇಳಿದರು: "ಚೆನ್ನಾಗಿದೆ. ಯಾರಿಗೋಸ್ಕರ ಇದು?"

ಬೀಗದಣ್ಣ ಚಿಲಕ ನೋಡಿದ. ಅಂಗಡಿಯಲ್ಲಿ ಎಷ್ಟೋ ಜನರನ್ನು ಕೇಳಿದ ತನ್ನದೇ ಪ್ರಶ್ನೆ ಅದು, ಈಗ ತನ್ನ ಕಡೆಗೇ ತಿರುಗಿ ನಿಂತಿತ್ತು.

"ಗಾಳಿ ಕಣಮ್ಮಾ" ಎಂದಳು ತಾಯಿ, ಅಡುಗೆಮನೆಯಿಂದ ಓಡಿಬಂದು. "ಮೂರನೇ ಮಹಡಿ ನೋಡಿ. ಗಾಳಿಗೆ ಬಾಗಿಲು ಧಡಾರಂತ ಬಡ್ಕೊಳ್ಳತ್ತೆ, ಮಗು ಬೆಚ್ಚಿ ಬೀಳತ್ತೆ."

ಆಫೀಸರಮ್ಮ ತಾಯಿಯ ಮುಖ ನೋಡಲಿಲ್ಲ, ಇವನನ್ನೇ ನೋಡುತ್ತಿದ್ದರು. ಗಾಳಿಗಿಂತ ಒಳ್ಳೆಯ ಸುಳ್ಳು ಅವನ ನಾಲಿಗೆಯ ತುದಿಯಲ್ಲೇ ಇತ್ತು: ಬಟ್ಟೆ ಬದಲಾಯಿಸುವಾಗ ಮಗು ನಾಚಿಕೊಳ್ಳುತ್ತದೆ, ಅದಕ್ಕೆ. ಯಾರಾದರೂ ನಂಬುವ ಮಾತು. ಅದನ್ನು ಅಂದುಬಿಟ್ಟರೆ ಶನಿವಾರ ಗೋಲಿ ಬರುತ್ತಾಳೆ, ಮುಂದಿನ ಶನಿವಾರವೂ ಬರುತ್ತಾಳೆ. ಅನ್ನದಿದ್ದರೆ ಬರುವುದಿಲ್ಲ. ಅವನ ಪಾಲಿಗೆ ವಾರದಲ್ಲಿ ಉಳಿದದ್ದು ಆ ಒಂದೂವರೆ ದಿನ ಮಾತ್ರ. ಆದರೆ ನಾಚಿಕೆಗೆ ಯಾರೂ ಮುಂಬಾಗಿಲ ಸ್ಕ್ರೂ ಹಾಕುವುದಿಲ್ಲ. ಆ ಸ್ಕ್ರೂಗಳನ್ನು ಡಬ್ಬಿಯಿಂದ ಆರಿಸಿಕೊಟ್ಟವಳು ಗೋಲಿಯೇ. ಯಾರಿಗೋಸ್ಕರ ಎಂದು ಅವಳು ಅವತ್ತು ಕೇಳಿರಲಿಲ್ಲ, ಅವಳಿಗೂ ಗೊತ್ತಿತ್ತು.

"ಗಾಳಿ ಅಲ್ಲ ಮೇಡಂ" ಎಂದ. "ನನ್ನ ತಮ್ಮ."

"ಲೋ!" ಎಂದಳು ತಾಯಿ.

ಅವನು ನಿಲ್ಲಿಸಲಿಲ್ಲ. ಬಾಲ್ಕನಿ ಹೇಳಿದ, ವಿಮಾನ ಹೇಳಿದ, ಬಿಟ್ಟ ಕೈ ಹೇಳಿದ, ಮಗು ಹೆದರಿ ಒದ್ದೆಮಾಡಿಕೊಂಡ ಫ್ರಾಕು ಹೇಳಿದ, ಅಮ್ಮನಿಗೆ ಹೇಳಬೇಡ ಎಂದು ತಾನೇ ಮಗುವಿನ ಬಾಯಿ ಕಟ್ಟಿದ್ದನ್ನೂ ಹೇಳಿದ. ಹೇಳುವಾಗ ಅವನ ದನಿ ಏರಲಿಲ್ಲ. ತಾಯಿ ಸೆರಗು ಬಾಯಿಗಿಟ್ಟುಕೊಂಡು "ಒಡಹುಟ್ಟಿದವನನ್ನ ಬೀದಿಗೆ ಹಾಕಿದೆಯಲ್ಲೋ" ಎಂದು ಅಲ್ಲೇ ನೆಲಕ್ಕೆ ಕೂತಳು.

ಆಫೀಸರಮ್ಮ ಭೇಷ್ ಅನ್ನುತ್ತಾರೆ ಎಂದು ಅವನು ಕಾದಿರಲಿಲ್ಲ ಎಂದರೆ ಸುಳ್ಳಾದೀತು. ನಿಜ ಹೇಳಿದವನಿಗೆ ಒಂದು ಒಳ್ಳೆಯ ಮಾತಿನ ಆಸೆ ಇರುತ್ತದೆ. ಅವರು ಹಾಗೇನೂ ಅನ್ನಲಿಲ್ಲ. ಚೀಲ ಹೆಗಲಿಗೇರಿಸಿದರು.

"ಈ ಚಿಲಕ ಹಾಕಿ ಮಗುಗೆ ನೀವು ಏನು ಹೇಳಿದ ಹಾಗಾಯ್ತು ಗೊತ್ತಾ? ಈ ಮನೇಲಿ ನಿನ್ನನ್ನ ನೀನೇ ಕಾಯ್ಕೋ ಅಂತ. ಎರಡನೇ ಕ್ಲಾಸು ಅವಳು. ಒಂದೋ ನಿಮ್ಮ ತಮ್ಮ ಹೊರಗೆ ಹೋಗ್ಬೇಕಿತ್ತು, ಇಲ್ಲ ನೀವು ಹೋಗ್ಬೇಕಿತ್ತು."

ಮೆಟ್ಟಿಲು ಇಳಿಯುವ ಮೊದಲು ಒಮ್ಮೆ ತಿರುಗಿ, "ಹೇಳಿದ್ದು ಒಳ್ಳೇದಾಯ್ತು" ಎಂದರು. ಅಷ್ಟೇ.

ಮುಂದೆ ಆದದ್ದನ್ನು ಉದ್ದ ಎಳೆಯುವುದು ಬೇಡ. ಆ ಮನೆಗೆ ಮಗು ಹೋಗಕೂಡದು ಎಂದಾಯಿತು. ಅಪ್ಪ ಮಗಳು ಭೇಟಿಯಾಗಲು ಕೋರ್ಟಿನ ಹಿಂದಿನ ಕಟ್ಟಡದಲ್ಲಿ ಒಂದು ಕೋಣೆ ಕೊಟ್ಟರು: ಬಾಗಿಲಿಗೆ ಗಾಜು, ಗೋಡೆಗೆ ಬಾತುಕೋಳಿಯ ಚಿತ್ರ, ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಸ್ವೆಟರ್ ಹೆಣೆಯುತ್ತಾ ಕಾವಲು ಕೂರುವ ಹೆಂಗಸು. ಗೋಲಿ ಅಲ್ಲಿನ ಆಟದ ಸಾಮಾನು ಮುಟ್ಟುತ್ತಿರಲಿಲ್ಲ. ಅವನು ಜೇಬಿನಲ್ಲಿ ಸ್ಕ್ರೂ ತುಂಬಿಕೊಂಡು ಹೋಗುತ್ತಿದ್ದ, ಇಬ್ಬರೂ ಮೇಜಿನ ಮೇಲೆ ಸಾಲು ಮಾಡುತ್ತಿದ್ದರು. "ನಾನು ಹೇಳಲಿಲ್ಲ ಅಪ್ಪಾ, ಪ್ರಾಮಿಸ್" ಎಂದಳು ಮೊದಲ ದಿನವೇ, ಹೆದರಿಕೊಂಡು. "ನಾನೇ ಹೇಳ್ದೆ ಮಗಳೇ. ನೀನು ಮೊದಲೇ ಹೇಳಬಹುದಿತ್ತು, ನಾನು ಬೇಡ ಅಂದಿದ್ದೇ ತಪ್ಪು" ಎಂದ. ಸ್ವೆಟರಿನ ಹೆಂಗಸು ಹೆಣಿಗೆಯ ಲೆಕ್ಕ ತಪ್ಪಿಸಿಕೊಂಡು ಮತ್ತೆ ಎಣಿಸಿದಳು.

ಬೀಗದಣ್ಣ ತಾಯಿಯ ಮನೆ ಬಿಟ್ಟ. ಅಂಗಡಿಯ ಮೇಲಿದ್ದ ಎರಡು ಕೋಣೆ ಬಾಡಿಗೆಗೆ ಹಿಡಿದ. ತಾಯಿ ಮಾತು ಬಿಟ್ಟಳು. ಅದು ಅವನಿಗೆ ಅಂದುಕೊಂಡದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು, ಊಟ ಸೇರದ ಹಾಗೆ ಮಾಡಿತು. ತಮ್ಮ ಒಂದು ದಿನ, ಕುಡಿಯದೆ, ಅಂಗಡಿಯ ಮುಂದೆ ಬಂದು ನಿಂತ. "ನನ್ನಿಂದ ಮನೆ ಬಿಟ್ಯಾ ಅಣ್ಣಾ?" ಎಂದ. "ಹೌದು" ಎಂದ ಬೀಗದಣ್ಣ. ತಮ್ಮ ಬಂದ ದಾರಿಯಲ್ಲೇ ಹೋದ. ಹಿಂದಿನಿಂದ ನೋಡಿದರೆ ಅವನ ನಡಿಗೆ ಅವರಿಬ್ಬರ ತೀರಿಹೋದ ತಂದೆಯ ನಡಿಗೆಯ ಹಾಗೆಯೇ ಇತ್ತು.

ಬೇಸಿಗೆ ರಜೆಯ ಹೊತ್ತಿಗೆ ಆಫೀಸರಮ್ಮ ಹೊಸ ಮನೆ ನೋಡಿ ಹೋದರು. ಗೋಲಿ ಹಗಲು ಅಲ್ಲಿ ಇರಬಹುದು ಎಂದಾಯಿತು. ಅವಳ ಕೋಣೆಗೆ ಅವನು ಹಳದಿ ಬಣ್ಣ ಹೊಡೆದ, ಕಿಟಕಿಗೆ ಕಂಬಿ ಹಾಕಿಸಿದ. ಬಾಗಿಲಿಗೆ ಮಾತ್ರ ಏನೂ ಹಾಕಲಿಲ್ಲ, ಹಿಡಿ ಒಂದು ಬಿಟ್ಟು. ಆಫೀಸರಮ್ಮನ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಚಿಲಕ ಬೇಕಾಗದ ಮನೆ ಮಾಡಿದ್ದೇನೆ ಎಂದು ಆ ಬೋಳು ಬಾಗಿಲು ನೋಡಿ ಅವನಿಗೆ ಒಂದು ಬಗೆಯ ಹೆಮ್ಮೆ.

ನರ್ಸು ಮಗುವನ್ನು ಕರೆತಂದು ಎರಡೂ ಕೋಣೆ ಸುತ್ತಿ ನೋಡಿದಳು. "ಯಾರು ಬಂದ್ರೂ ಬಾಗಿಲು ತೆಗೀಬೇಡಿ" ಎಂದಳು.

"ತೆಗಿಯಲ್ಲ."

ಅವಳು ಮಗಳ ತಲೆ ಸವರಿ, ಡ್ಯೂಟಿಗೆ ಹೊತ್ತಾಯಿತೆಂದು ಇಳಿದುಹೋದಳು.

ಗೋಲಿ ಹಳದಿ ಗೋಡೆ ನೋಡಿದಳು, ಚೆನ್ನಾಗಿದೆ ಎಂದಳು. ಮಂಚದ ಮೇಲೆ ಕೂತು ಕುಣಿದು ನೋಡಿದಳು. ಬ್ರೆಡ್ಡು, ಹಾಲು ಆಯಿತು. ಮಧ್ಯಾಹ್ನ "ಸ್ವಲ್ಪ ಮಲಕ್ಕೋ" ಎಂದಾಗ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಒಳಗಿನಿಂದ ಏನೋ ಎಳೆದಾಡುವ ಸದ್ದು. ಬೀಗದಣ್ಣ ಬಾಗಿಲು ನೂಕಿ ಇಣುಕಿದ. ಮಗು ಕುರ್ಚಿಯನ್ನು ಬಾಗಿಲಿಗೆ ಅಡ್ಡ ತಂದು ಇಡುತ್ತಿತ್ತು.

"ಚಿಲಕ ಎಲ್ಲಪ್ಪಾ?"

"ಇಲ್ಲಿ ಬೇಡ ಗೋಲಿ. ಇಲ್ಲಿ ನಾನೊಬ್ಬನೇ ಇರೋದು. ಚಿಕ್ಕಪ್ಪ ಬರಲ್ಲ."

"ಬಂದು ಬಾಗಿಲು ಬಡಿದ್ರೆ?"

"ಬಡೀಲಿ ಬಿಡು."

"ಅಜ್ಜಿ ಜೊತೇಲಿ ಬಂದು, ತೆಗಿಯೋ ಅಂದ್ರೆ?" ಗೋಲಿ ಅವನನ್ನು ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ, ಗೊತ್ತಿರುವ ವಿಷಯ ಹೇಳುವ ಹಾಗೆ ಹೇಳಿದಳು. "ನೀನು ತೆಗೀತೀಯಲ್ಲಪ್ಪಾ."

ಇಲ್ಲ ತೆಗೆಯಲ್ಲ ಎಂದು ಆಣೆ ಇಟ್ಟು ಹೇಳಬಹುದಿತ್ತು. ಅವಳ ಅಮ್ಮನಿಗೆ ಬೆಳಿಗ್ಗೆಯಷ್ಟೇ ಹೇಳಿದ್ದ. ಆದರೆ ಮಗುವಿನ ಕೈ ಇನ್ನೂ ಕುರ್ಚಿಯ ಬೆನ್ನಿನ ಮೇಲೇ ಇತ್ತು. ಬೀಗದಣ್ಣ ಕೆಳಗೆ ಅಂಗಡಿಗೆ ಹೋಗಿ ಡ್ರಿಲ್ ತಂದ, ಉಕ್ಕಿನ ಚಿಲಕ ತಂದ, ಸ್ಕ್ರೂ ಡಬ್ಬಿ ತಂದು ಅವಳ ಮುಂದಿಟ್ಟ. ಅವಳು ಉದ್ದದವನ್ನೇ ಆರಿಸಿಕೊಟ್ಟಳು. ಬೆನ್ನು ತಾಗಿಸಿ ನಿಲ್ಲು ಎಂದ, ನಿಂತಳು. ಬೆಳೆದಿದ್ದಳು, ಪೆನ್ಸಿಲಿನ ಗೆರೆ ಹಳೆಯದಕ್ಕಿಂತ ಒಂದಿಷ್ಟು ಮೇಲೆ ಬಂತು.

ಈ ಮನೆಯಲ್ಲಿ ಆ ಚಿಲಕ ಯಾರಿಗೋಸ್ಕರ ಎಂದು ಅವನು ಈ ಸಲ ಕೇಳಿಕೊಂಡ. ಇದ್ದವನು ಅವನೊಬ್ಬನೇ. ಸ್ಕ್ರೂ ಬಿಗಿಮಾಡಿದ, ಎಣ್ಣೆ ಬಿಟ್ಟ, ಹೊರಗೆ ಬಂದ. ಬಾಗಿಲು ಮುಚ್ಚಿತು. ಚಿಲಕ ಸಲೀಸಾಗಿ ಸರಿದು ಟಕ್ಕೆಂದು ಕೂತ ಸದ್ದು ಕೇಳಿಸಿತು.

"ಅಪ್ಪಾ, ಹೊರಗಿಂದ ತಳ್ಳು" ಎಂದಳು ಒಳಗಿನಿಂದ.

ಅವನು ಭುಜ ಕೊಟ್ಟು ತಳ್ಳಿದ. ಬಾಗಿಲು ಅಲ್ಲಾಡಲಿಲ್ಲ. ಈ ಸಲ ಒಳಗೆ ಯಾರೂ ನಗಲಿಲ್ಲ.

"ಇನ್ನೂ ಜೋರಾಗಿ" ಎಂದಳು ಗೋಲಿ.

ಅವನು ಒಂದು ಹೆಜ್ಜೆ ಹಿಂದೆ ಸರಿದು, ಮೈಯ ಭಾರವನ್ನೆಲ್ಲ ಹಾಕಿ, ಕುಡಿದು ಬಂದ ತಮ್ಮ ಹೇಗೆ ತಳ್ಳುತ್ತಿದ್ದನೋ ಹಾಗೆಯೇ ತಳ್ಳಿದ.